ಬಾಳವ್ವನ ಮಗ ಆರಾಮ ಅದಾನ

ನಾಗನೂರಿನ ಬಾಳವ್ವ ತನ್ನ ಆಯುಷ್ಯದಲ್ಲಿ ಊರನ್ನು ಕೇಳಿದ್ದು ಒಂದೇ ಒಂದು ತಗ್ಗು. ಗಂಡ ಸತ್ತ ಮೇಲೆ ಎರಡೆತ್ತಿನ ಕಮತ ತಾನೇ ನಡೆಸಿದಳು, ಕೂರಿಗೆ ತಾನೇ ಹಿಡಿದಳು. ಆಗ ಯಾರನ್ನೂ ಏನನ್ನೂ ಕೇಳಿರಲಿಲ್ಲ. ಮಗ ರಾಚಪ್ಪ ಲಗ್ನವಾದ ವರ್ಷವೇ ಪಲ್ಟಣಿಗೆ ಭರ್ತಿಯಾದಾಗಲೂ ಬುತ್ತಿ ಕಟ್ಟಿಕೊಟ್ಟು ಕಳಿಸಿದಳು.

ದೊಡ್ಡ ಯುದ್ಧದ ಕಾಲ, ನಲವತ್ನಾಲ್ಕರ ಬೇಸಿಗೆಯಲ್ಲಿ ಹುಕ್ಕೇರಿ ಕಡೆಯ ಸಿಪಾಯಿಯೊಬ್ಬ ರಜೆಯ ಮೇಲೆ ಬಂದವನು ಅವಳ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಸುದ್ದಿ ಹೇಳಿದ. ಇಟಲಿ ಎಂಬ ದೇಶ, ಒಂದು ಹೊಳೆ, ಮೊಣಕಾಲುಮಟ್ಟ ರಾಡಿ. ರಾಚಪ್ಪನನ್ನು ಅಲ್ಲೇ ದಂಡೆಯಲ್ಲಿ ಹುಗಿದರು. ಮಣ್ಣು ಹಾಕಿದವರಲ್ಲಿ ತಾನೂ ಒಬ್ಬ.

ಸೊಸೆ ಗೌರವ್ವ ಒಳಗೆ ಓಡಿದಳು. ಬಾಳವ್ವ ಕೇಳಿದಳು: "ಯಾವ ಕಡೆ ಮಾರಿ ಮಾಡಿ ಕುಂದರಿಸಿದ್ರಿ?"

"ಕುಂದರಸ್ಲಿಲ್ಲಬೇ. ಎಲ್ಲಾರನೂ ಸಾಲಾಗಿ ಮಲಗಿಸಿದ್ರು."

"ಮಲಗಿಸಿ?"

ಅಪ್ಪ, ಮುತ್ಯಾ, ಅವರ ಮುತ್ಯಾ, ಎಲ್ಲರೂ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಂತೆ ಮಣ್ಣಿನೊಳಗೆ ಕೂತ ಮನೆತನ. ಸಾವು ಅವಳಿಗೆ ಆಮೇಲೆ ತಟ್ಟಿತು. ಮೊದಲು ತಟ್ಟಿದ್ದು ಮಗ ಮಲಗಿದ್ದು. ದೇಹ ಇಲ್ಲದಿದ್ದರೆ ಅವನ ಧೋತರ, ರುಮಾಲನ್ನಾದರೂ ಅವನಪ್ಪನ ಬಾಜೂಕ ಕೂಡಿಸಬೇಕೆಂದು ಹಟ ಹಿಡಿದಳು.

ತಗ್ಗು ತೋಡುವವನು ಹೊಲಗೇರಿಯ ಉದ್ದಪ್ಪ. ಸತ್ತವನ ಪಾದದಿಂದಲೇ ಅಳತೆ ಹಿಡಿಯುವುದು ರೂಢಿ. "ಪಾದ ಎಲ್ಲಿಂದ ತರ್ಲೆವ್ವಾ?" ಎಂದ. ಬಾಳವ್ವ ಮಗನ ಹಳೆಯ ಮೆಟ್ಟು ತಂದಿಟ್ಟಳು. ಉದ್ದಪ್ಪನ ಮಗ ಯಲ್ಲಾರಿಯೂ ಪಲ್ಟಣಿನವನೇ, ಬರ್ಮಾದ ಅಡವಿಯಲ್ಲಿದ್ದ. ಮುದುಕ ಮೆಟ್ಟಿನಿಂದಲೇ ಅಳತೆ ಹಿಡಿದು ಸಲಿಕೆ ಎತ್ತಿಕೊಂಡ.

ಊರಿನಲ್ಲಿ ಆಗ ಎರಡು ಪಕ್ಷ; ಬೆಳದಿಂಗಳು ಮಾತ್ರ ಯಾವ ಪಕ್ಷದಲ್ಲೂ ಇರಲಿಲ್ಲ. ಲಕ್ಕಪ್ಪ ಪಾಟೀಲ ಸರಕಾರಕ್ಕೆ ಹುಡುಗರನ್ನು ಭರ್ತಿ ಮಾಡಿಸುವವನು. ಅಲ್ಲಪ್ಪ ಗಾಂಧಿಯ ಬಿಳಿ ಟೊಪ್ಪಿಗೆಯವನು. ಚಳವಳಿಯಲ್ಲಿ ತಾರಿನ ತಂತಿ ಕಡಿದ ಅವನ ತಮ್ಮ ಹಿಂಡಲಗಾ ಜೇಲಿನಲ್ಲಿದ್ದ. ಒಬ್ಬ ಟೊಪ್ಪಿಗೆ ಹಾಕಿಕೊಂಡವನು, ಇನ್ನೊಬ್ಬ ಊರಿಗೇ ಹಾಕಿದವನು. ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡದ ಇಬ್ಬರೂ ಅವತ್ತು ಮೊಣಕಾಲುಮಟ್ಟ ತೋಡಿದ ತಗ್ಗಿನ ಆ ದಂಡೆ ಈ ದಂಡೆಗೆ ಬಂದು ನಿಂತರು.

"ಈ ತಗ್ಗು ನೋಡಿದ್ರ ನಾಳೆ ಯಾವ ಹುಡುಗ ಪಲ್ಟಣಿಗೆ ಬರ್ತಾನ?" ಎಂದ ಪಾಟೀಲ. "ಸಾಹೇಬಗ ನಾ ಏನ್ ಹೇಳ್ಲಿ?"

"ಬಿಳಿಯರ ಸಲುವಾಗಿ ಸತ್ತವಗ ಇಲ್ಲಿ ಗದ್ದಿಗಿ ಆದ್ರ, ಜೇಲಿನ್ಯಾಗ ಕುಂತ ನನ್ನ ತಮ್ಮಗ ಏನ್ ಮಾರಿ ತೋರಸ್ಲಿ?" ಎಂದ ಅಲ್ಲಪ್ಪ.

"ನಿನ್ನ ತಮ್ಮ ಜೇಲಿನ್ಯಾಗರೆ ಕುಂತಾನಲ್ಲೋ ಅಲ್ಲಪ್ಪಾ," ಎಂದಳು ಬಾಳವ್ವ. "ನನ್ನ ಮಗಗೂ ಕುಂದರಾಕ ಜಾಗಾ ಕೊಡ್ರಿ."

ಉತ್ತರ ಸಿಗದಿದ್ದಾಗ ಪಾಟೀಲ ಸರಕಾರವನ್ನು ಕರೆಯುತ್ತಿದ್ದ. "ಸತ್ತಾನಂತ ಸರಕಾರದ ಕಾಗದ ಬಂದೈತೇನು?"

"ಜೊತೀಗಿದ್ದ ಸಿಪಾಯಿ ಹೇಳ್ಯಾನ."

"ಸಿಪಾಯಿ ಅಂದ್ರ ಸರಕಾರ ಏನು?"

ಸರಕಾರದ ಒಂದು ಮಾತನ್ನೂ ನಂಬದ ಅಲ್ಲಪ್ಪ ಅವತ್ತು ತಲೆಯಾಡಿಸಿದ. "ಖರೆ ಐತಿ. ಸರಕಾರ ಹೇಳೂತನಕಾ ರಾಚಪ್ಪ ಜೀವಂತ ಅದಾನ. ಜೀವಂತ ಇದ್ದವಗ ಯಾರರೆ ತಗ್ಗು ತೋಡ್ತಾರೇನು?"

ಬದುಕಿದ್ದವನಾದರೆ ಅಲ್ಲಪ್ಪನಿಗೆ ಬೈಯಲಿಕ್ಕೂ ಬೇಕು, ಪಾಟೀಲನಿಗೆ ಹೊಗಳಲಿಕ್ಕೂ ಬೇಕು. ಸತ್ತವನು ಯಾರಿಗೂ ಬೇಡ. ಎರಡೂ ಪಕ್ಷದವರು ಕೂಡಿ ಮಾಡಿದ ಮೊದಲ ಊರ ಕೆಲಸವೆಂದರೆ ಆ ತಗ್ಗು ಮುಚ್ಚಿದ್ದು. ಸಲಿಕೆ ಉದ್ದಪ್ಪನದೇ. ತೋಡಿದವನೇ ಮುಚ್ಚಿದ, ಬೇಡವೆನ್ನಲು ಅವನ್ಯಾರು?

ವಾರದಲ್ಲಿ ಅಂಕಲಗಿಯಿಂದ ಗೌರವ್ವನ ಅಪ್ಪ ಸೋಮಪ್ಪ ಬಂಡಿ ಕಟ್ಟಿಕೊಂಡು ಬಂದ. ಮಗಳಿನ್ನೂ ಚಿಕ್ಕವಳು, ಕೆಲವು ತಿಂಗಳು ಬಿಟ್ಟು ಉಡಿಕಿಯ ಮರುಮದುವೆ ಮಾಡಿ ಬೇರೆ ಮನೆಗೆ ಕೊಡುವ ವಿಚಾರ.

"ಗಂಡ ಇದ್ದಾಕಿಗೆ ಉಡಿಕೀನಾ?" ಎಂದಿತು ಚಾವಡಿ, ಒಂದೇ ಬಾಯಲ್ಲಿ. ಬಂಡಿ ಖಾಲಿ ಹೋಯಿತು.

ಯುದ್ಧ ಮುಗಿಯಿತು. ಯಲ್ಲಾರಿ ಬರ್ಮಾದ ಜ್ವರ ಹೊತ್ತು ಬಂದ. ಒಬ್ಬರು ಪಲ್ಟಣಿನ ಬಿಲ್ಲೆ ತೋರಿಸೆಂದರು, ಒಬ್ಬರು ಸರಕಾರದ ನಾಯಿ ಎಂದರು. ನೀರು ಮಾತ್ರ ಎರಡೂ ಪಕ್ಷದವರು ಮೊದಲಿನಂತೆ ಅವನ ಬೊಗಸೆಗೆ ಮೇಲಿನಿಂದಲೇ ಹೊಯ್ದರು. ರಾಚಪ್ಪನ ಕಾಗದ ಬರಲೇ ಇಲ್ಲವೋ, ಬಂದು ಪಾಟೀಲನ ಪೆಟ್ಟಿಗೆಯಲ್ಲಿ ಕೂತಿತೋ. ಕೂತಿದ್ದರೆ, ಕಾಗದಕ್ಕಾದರೂ ಆ ಭಾಗ್ಯ ಸಿಕ್ಕಿತು ಅನ್ನಬೇಕು.

ಬಾವಿಯ ಕಟ್ಟೆಯಲ್ಲಿ ಹೆಂಗಸರು ಕೇಳುತ್ತಿದ್ದರು: "ಮಗಾ ಆರಾಮ ಅದಾನೇನ ಬಾಳವ್ವಾ?" ಕುಹಕವಲ್ಲ, ಮರ್ಯಾದೆಗೆ. ಮೊದಮೊದಲು ಅವಳು ಕೊಡ ಕುಕ್ಕಿ ಹೋಗುತ್ತಿದ್ದಳು. ಆಮೇಲೆ ನಿಂತಳು. ಆಮೇಲೆ "ಅದಾನ" ಅನ್ನಲು ಕಲಿತಳು.

ನಲವತ್ತಾರರ ಪಂಚಮಿಗೆ ಬಳೆಗಾರ ಬಂದಾಗ ಗೌರವ್ವ ಹೊರಗೆ ಬರಲಿಲ್ಲ. ಬಾಳವ್ವ ಒಳಗೆ ಹೋದಳು.

"ಅತ್ತೀ, ನೀವರೆ ಬ್ಯಾಡ ಅನ್ರಿ," ಎಂದಳು ಗೌರವ್ವ ಗೋಡೆಯ ಕಡೆ ಮುಖ ಮಾಡಿಕೊಂಡೇ.

ಬಾಳವ್ವ ಹೊರಗೆ ನೋಡಿದಳು. ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಕೂತಿದ್ದರು. ಸೊಸೆಯ ರಟ್ಟೆ ಹಿಡಿದು ಹೊರಗೆ ಕರೆತಂದಳು. ಅವಳ ಮುಂಗೈಯನ್ನು ತಾನೇ ಬಳೆಗಾರನ ಮುಂದೆ ಚಾಚಿದಳು.

"ಹಸರು ಇಡಪಾ," ಎಂದಳು. "ಗಂಡ ಅದಾನ."