ಮೇಲಿನ ಉಪ್ಪು, ಕೆಳಗಿನ ಉಪ್ಪು

ಹೆಂಡತಿ ಅವನ ಕೈ ಹಿಡಿದಳು. ಮದುವೆಯ ದಿನ ಹಿಡಿದ ಹಾಗಲ್ಲ. ಬಸ್ಸಿನಲ್ಲಿ ಪರರ ಜೇಬಿಗೆ ಇಳಿದ ಕೈಯನ್ನು ಹಿಡಿಯುವ ಹಾಗೆ, ಸರಿಯಾಗಿ ಮಣಿಕಟ್ಟಿಗೆ. ಅವನ ಬೆರಳ ಸಂದಿಯಲ್ಲಿ ಉಪ್ಪಿತ್ತು. ಒಲೆಯ ಮೇಲೆ ತರಕಾರಿ ಸೂಪು ಸಣ್ಣಗೆ ಕುದಿಯುತ್ತಿತ್ತು.

"ಬಿಡೇ, ಒಂದೇ ಒಂದು ಚಿಟಿಕೆ."

"ಆ ಒಂದು ಚಿಟಿಕೆ ಆಗಲೇ ಬಿತ್ತು. ಇದು ಅದರ ತಮ್ಮ. ಇದರ ಬೆನ್ನಿಗೆ ಇನ್ನೊಬ್ಬ ತಮ್ಮ ಬರ್ತಾನೆ. ನನಗೆ ಗೊತ್ತಿಲ್ವಾ ನಿಮ್ಮ ಚಿಟಿಕೆಗಳ ವಂಶ?"

"ಕೈ ಕೇಳಲ್ಲ ಕಣೇ."

"ರೀ, ಇದು ನೆಲ. ಮೋಡ ಅಲ್ಲ. ಸ್ವಲ್ಪ ಕೆಳಗೆ ಇಳೀರಿ."

ಅವನು ನಕ್ಕ. ನಕ್ಕು, ಬೆರಳಲ್ಲಿದ್ದದ್ದನ್ನು ತೊಟ್ಟಿಯಲ್ಲಿ ಕೊಡವಿ ಕೈ ತೊಳೆದುಕೊಂಡ. ಆದರೆ ಮನಸ್ಸಿನಲ್ಲಿ ನಗು ಇರಲಿಲ್ಲ. ಸೋಮವಾರ ಅವನಿಗೆ ಪರೀಕ್ಷೆ. ಆಸ್ಪತ್ರೆಯ ಅಡುಗೆಮನೆಗೆ ಒಬ್ಬ ಅಡುಗೆಯವ ಬೇಕಾಗಿದ್ದ. ಒಂದು ಹೊತ್ತಿನ ಊಟ ಮಾಡಿ ತೋರಿಸಬೇಕು, ಹಿಡಿಸಿದರೆ ಕೆಲಸ. ತಲೆ ನರೆತವನಿಗೆ ಇಂಥ ಬಾಗಿಲು ಪದೇ ಪದೇ ತೆರೆಯುವುದಿಲ್ಲ. ತೊಡಕು ಒಂದೇ. ಇಷ್ಟು ವರ್ಷ ಅವನ ಕೈ ಅಡುಗೆ ಮಾಡಿದ್ದು ನೆಲದ ಮೇಲೆ ಕೂತವರಿಗಲ್ಲ, ವಿಮಾನದಲ್ಲಿ ಕೂತವರಿಗೆ.

ಅಷ್ಟು ಎತ್ತರದಲ್ಲಿ, ಒಣಗಾಳಿಯಲ್ಲಿ, ಇಂಜಿನ್ನಿನ ಒಂದೇ ಸಮನಾದ ಮೊರೆತದಲ್ಲಿ ಮನುಷ್ಯನ ನಾಲಿಗೆ ಮಂಕಾಗುತ್ತದೆ. ಇಲ್ಲಿ ಹದವಾಗಿರುವುದು ಅಲ್ಲಿ ಸಪ್ಪೆ. ಹಾಗಾಗಿ ವಿಮಾನದ ಅಡುಗೆಗೆ ಉಪ್ಪು ಒಂದು ಕೈ ಮುಂದೆಯೇ ಬೀಳಬೇಕು. ಅಡುಗೆಮನೆಯವರು ಇದಕ್ಕೆ ತಮ್ಮದೇ ಮಾತು ಮಾಡಿಕೊಂಡಿದ್ದರು: ಮೇಲಿನ ಉಪ್ಪು, ಕೆಳಗಿನ ಉಪ್ಪು. ಮಿಕ್ಕವರು ಕೆಲಸದಲ್ಲಿ ಒಂದನ್ನೂ ಮನೆಯಲ್ಲಿ ಇನ್ನೊಂದನ್ನೂ ಹಾಕುತ್ತಿದ್ದರು. ಇವನಿಗೆ ಬಂದದ್ದು ಮೇಲಿನದು ಮಾತ್ರ. ಹುಡುಗನಾಗಿದ್ದಾಗ ನೇರವಾಗಿ ಅಲ್ಲಿಗೇ ಸೇರಿ, ಅಲ್ಲೇ ಸೌಟು ಹಿಡಿಯಲು ಕಲಿತವನು. ಅದಕ್ಕೇ ಅವನು ಅಲ್ಲಿ ಎಲ್ಲರಿಗೂ ಉಪ್ಪಣ್ಣ.

ಮದುವೆಯಾದ ಮೊದಲ ವಾರ, ಹೆಂಡತಿಯ ತವರಿನವರು ಬಂದಾಗ, ಉಪ್ಪಣ್ಣ ಉತ್ಸಾಹದಿಂದ ಕೋಳಿ ಬೇಯಿಸಿ ಬಡಿಸಿದ್ದ. ಅತ್ತೆ ಎರಡು ತುತ್ತು ತಿಂದು, ನೀರಿನ ಹೂಜಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಅಳಿಯಂದಿರ ಕೈ ತುಂಬಾ ಧಾರಾಳ" ಎಂದಿದ್ದರು. ಅಂದಿನಿಂದ ಮನೆಯ ಒಲೆಯ ಹತ್ತಿರ ಅವನಿಗೆ ಜಾಗವಿಲ್ಲ. ಈರುಳ್ಳಿ ಹೆಚ್ಚಬಹುದು, ಪಾತ್ರೆ ತೊಳೆಯಬಹುದು. ಉಪ್ಪಿನ ಡಬ್ಬಿ ಮಾತ್ರ ಮೇಲಿನ ಗೂಡಿನಲ್ಲಿ, ಹೆಂಡತಿಯ ಸುಪರ್ದಿನಲ್ಲಿ. ಈಗ ಪರೀಕ್ಷೆಯ ಅಭ್ಯಾಸಕ್ಕೆಂದು ಮಾತ್ರ ಅದು ಕೆಳಗಿಳಿದಿತ್ತು.

ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡ ಆ ಅಡುಗೆಮನೆ ಕಿಟಕಿಯಿಲ್ಲದ ಉದ್ದನೆಯ ಕಟ್ಟಡ. ಬಿಳಿ ಟೈಲಿನ ಗೋಡೆ, ಸದಾ ಒದ್ದೆ ನೆಲ, ಒಂದು ತುದಿಯಲ್ಲಿ ಬೇಯುವ ಬ್ರೆಡ್ಡಿನ ವಾಸನೆ, ಇನ್ನೊಂದು ತುದಿಯಲ್ಲಿ ಪಾತ್ರೆ ತೊಳೆಯುವ ಸಾಬೂನಿನ ಘಾಟು. ವಿಮಾನ ಮೇಲೇಳುವಾಗ ತಂತಿಗೆ ನೇತುಹಾಕಿದ ಸೌಟುಗಳೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಆ ಸದ್ದಿನಿಂದಲೇ ಹೊರಟದ್ದು ದೊಡ್ಡದೋ ಚಿಕ್ಕದೋ ಎಂದು ಒಳಗಿದ್ದವರು ಹೇಳುತ್ತಿದ್ದರು.

ಆಗ ಈ ಊರಿನಿಂದ ಸಮುದ್ರದಾಚೆಯ ದೊಡ್ಡ ನಗರಕ್ಕೆ ಮೂರು ಕಂಪನಿಗಳ ವಿಮಾನಗಳು ಹಾರುತ್ತಿದ್ದವು. ಕಂಪನಿಗಳ ಉದ್ದುದ್ದ ಹೆಸರು ಯಾರಿಗೆ ಬೇಕು. ವಿಮಾನದ ಬಾಲದ ಬಣ್ಣ ನೋಡಿ ನೀಲಿ ಬಾಲ, ಹಸಿರು ಬಾಲ, ಕೆಂಪು ಬಾಲ ಎನ್ನುತ್ತಿದ್ದರು. ಮೂರಕ್ಕೂ ಊಟ ಹೋಗುತ್ತಿದ್ದದ್ದು ಈ ಒಂದೇ ಅಡುಗೆಮನೆಯಿಂದ. ಮೂವರಲ್ಲಿ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ಒಬ್ಬರ ತಟ್ಟೆ ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ನಡುವೆ ದಪ್ಪ ಪರದೆ ಇಳಿಬಿಟ್ಟಿದ್ದರು. ಪರದೆಯ ಈಚೆ ಗುಟ್ಟು, ಆಚೆ ಗುಟ್ಟು, ಎರಡಕ್ಕೂ ಸೌಟು ಮಾತ್ರ ಉಪ್ಪಣ್ಣನದೇ.

ನೀಲಿ ಬಾಲದ ಮೇಲಧಿಕಾರಿ ಬಂದಾಗಲೆಲ್ಲ ಅವನನ್ನು ಪಕ್ಕಕ್ಕೆ ಕರೆಯುತ್ತಿದ್ದ.

"ಆ ಕಡೆಯವರು ಈ ಸಲ ಏನು ಕೊಡ್ತಾ ಇದಾರೆ?"

"ಹೊಟ್ಟೆ ತುಂಬ ಕೊಡ್ತಾರೆ ಸಾರ್."

"ಅದಲ್ಲಪ್ಪಾ, ಏನು ಕೊಡ್ತಾರೆ?"

"ಊಟಾನೇ ಕೊಡ್ತಾರೆ ಸಾರ್."

ಆದರೂ ಸುದ್ದಿ ಹೇಗೋ ಪರದೆ ದಾಟುತ್ತಿತ್ತು. ನೀಲಿ ಬಾಲ ಬಿಸಿ ಬ್ರೆಡ್ಡು ಕೊಟ್ಟರೆ ಮರುವಾರ ಹಸಿರು ಬಾಲ ಅದಕ್ಕೆ ಬೆಣ್ಣೆಯಲ್ಲಿ ಗುಲಾಬಿ ಮಾಡಿ ಇಡುತ್ತಿತ್ತು. ಕೆಂಪು ಬಾಲ ಸೂಪಿಗೆ ಮುಚ್ಚಳವಿದ್ದ ಪಿಂಗಾಣಿ ಬಟ್ಟಲು ತರಿಸಿತು. ನೀಲಿಯವರು ಬಟ್ಟಲ ಕೆಳಗೆ ತಟ್ಟೆ, ತಟ್ಟೆಯ ಕೆಳಗೆ ಕಸೂತಿಯ ಬಟ್ಟೆ ಇಟ್ಟರು. ಒಬ್ಬರನ್ನೊಬ್ಬರು ಸೋಲಿಸುವ ಭರದಲ್ಲಿ ಅವರು ಪ್ರಯಾಣಿಕರನ್ನು ಬೀಗರಂತೆ ಉಪಚರಿಸುತ್ತಿದ್ದ ಕಾಲ ಅದು. ಪಾಳಿ ಮುಗಿಸಿ ಹೊರಬರುವಾಗ ಕಾಲು ಬಿದ್ದುಹೋಗುವಷ್ಟು ಸುಸ್ತು, ಆದರೂ ಯಾರೂ ಬೇಗ ಮನೆಗೆ ಹೋಗುತ್ತಿರಲಿಲ್ಲ. ಬೇಲಿಯ ಬಳಿ ನಿಂತು, ತಾವು ಬೇಯಿಸಿದ್ದು ಮೇಲೇರಿ ಚುಕ್ಕೆಯಾಗುವವರೆಗೂ ನೋಡುತ್ತಿದ್ದರು.

ರುಚಿ ನೋಡುವ ದಿನಗಳನ್ನು ನೆನೆದರೆ ಉಪ್ಪಣ್ಣನಿಗೆ ಈಗಲೂ ನಗು ತಡೆಯದು. ಕಂಪನಿಯ ದೊಡ್ಡವರು ಟೈ ಕಟ್ಟಿಕೊಂಡು ಸಾಲಾಗಿ ಕೂರುತ್ತಿದ್ದರು. ಒಂದು ಚಮಚ ಸೂಪು ಒಳಗೆ ಹೋಗುತ್ತಲೇ ಮುಖ ಹಿಂಡುತ್ತಿದ್ದರು. ಆಗ ಅಡುಗೆಮನೆಯ ಯಜಮಾನ, ಉಪ್ಪಣ್ಣನಿಗೆ ಕೆಲಸ ಕಲಿಸಿದ ಮುದುಕ, ಎಲ್ಲರ ಕಿವಿಗೂ ಹತ್ತಿ ಕೊಡುತ್ತಿದ್ದ. "ಕಿವಿ ಮುಚ್ಕೊಳಿ. ಮೂಗು ಹಿಡ್ಕೊಳಿ. ಈಗ ನೀವು ಆಕಾಶದಲ್ಲಿದೀರಿ. ಕುಡೀರಿ." ಅವರು ಮೂಗು ಹಿಡಿದುಕೊಂಡು ಗುಟುಕರಿಸಿ ತಲೆದೂಗುತ್ತಿದ್ದರು. ಆಕಾಶದಲ್ಲಿ ಊಟ ಹೀಗೇ ಇರುತ್ತದೋ ಇಲ್ಲವೋ ಎಂಬುದು ಮುದುಕನಿಗೂ ಗೊತ್ತಿರಲಿಲ್ಲ. ಅವನೂ ವಿಮಾನ ಹತ್ತಿದವನಲ್ಲ.

ಉಪ್ಪಣ್ಣನೂ ಹತ್ತಲಿಲ್ಲ. ಕೆಲಸದವರಿಗೆ ಖಾಲಿ ಸೀಟಿದ್ದರೆ ಬಿಟ್ಟಿ ಪ್ರಯಾಣವಿತ್ತು. ಸೀಟು ಖಾಲಿಯಿದ್ದಾಗ ಅವನಿಗೆ ರಜೆಯಿಲ್ಲ, ರಜೆಯಿದ್ದಾಗ ಸೀಟಿಲ್ಲ. ಒಮ್ಮೆ ಎರಡೂ ಕೂಡಿ ಬಂದಾಗ ಸಮುದ್ರದಾಚೆಯಲ್ಲಿದ್ದ ನಾದಿನಿಗೆ ಕಾಯಿಲೆ ಎಂದು ಸುದ್ದಿ ಬಂತು. ತನ್ನ ಸರದಿಯನ್ನು ಹೆಂಡತಿಗೂ ಪುಟ್ಟ ಮಗಳಿಗೂ ಬಿಟ್ಟುಕೊಟ್ಟ. ಅವರು ಹೊರಟ ದಿನ ಸೂಪಿನ ಹಂಡೆಯ ಮುಂದೆ ಅವನೇ ನಿಂತಿದ್ದ. ಹಿಂತಿರುಗಿದವಳನ್ನು ಕೇಳಿದ್ದ: "ಹೇಗಿತ್ತು?"

"ಏನು?"

"ಸೂಪು."

"ಅಯ್ಯೋ, ನಾನು ನಿದ್ದೆ ಮಾಡ್ಬಿಟ್ಟೆ ರೀ. ಊಟಕ್ಕೆ ಏಳಲೇ ಇಲ್ಲ."

ಅವನು ಮತ್ತೆ ಕೇಳಲಿಲ್ಲ.

ಪೈಪೋಟಿ ಅಲ್ಲಿಗೆ ನಿಲ್ಲಲಿಲ್ಲ, ದಿಕ್ಕು ಬದಲಿಸಿತು. ಊಟವೇ ಕೊಡದ ಒಂದು ಹೊಸ ಕಂಪನಿ ಬಂತು. ಟಿಕೆಟ್ಟು ಅಗ್ಗ, ನಡುದಾರಿಯಲ್ಲಿ ತಮ್ಮ ಊರಲ್ಲಿ ಇಳಿಸಿ ಇನ್ನೊಂದು ವಿಮಾನ ಹತ್ತಿಸುತ್ತಾರೆ, ತಿನ್ನಲು ಬೇಕಾದರೆ ಕೊಂಡು ತಿನ್ನಬೇಕು. ಯಾರು ಹತ್ತುತ್ತಾರೆ ಇದನ್ನು ಎಂದು ಅಡುಗೆಮನೆಯಲ್ಲಿ ಎಲ್ಲರೂ ನಕ್ಕರು. ಜನ ಮುಗಿಬಿದ್ದು ಹತ್ತಿದರು. ಬೆಣ್ಣೆಯ ಗುಲಾಬಿ ಮೊದಲು ಹೋಯಿತು. ಬಟ್ಟಲಿನ ಮುಚ್ಚಳ ಹೋಯಿತು, ಆಮೇಲೆ ಬಟ್ಟಲೇ ಹೋಗಿ ಕಾಗದದ ಲೋಟ ಬಂತು. ನೀಲಿ ಬಾಲ ಹಾರಾಟ ನಿಲ್ಲಿಸಿತು. ಹಸಿರು ಬಾಲ ಇಲ್ಲಿಂದ ಹಿಂತಿರುಗುವಾಗಿನ ಊಟವನ್ನೂ ತನ್ನ ಊರಲ್ಲೇ ತುಂಬಿಸಿಕೊಂಡು ಬರತೊಡಗಿತು. ಕೆಲವು ಚಳಿಗಾಲ ಹಾಗೆ ತಳ್ಳಿ ಅದೂ ಮಾಯವಾಯಿತು. ನಡುವಿನ ಪರದೆಯನ್ನು ಯಾರೋ ಬಿಚ್ಚಿ ನೆಲ ಒರೆಸಲು ಹರಿದರು.

ಉಳಿದದ್ದು ಕೆಂಪು ಬಾಲ. ಹೋದ ತಿಂಗಳು ಅದರ ಮ್ಯಾನೇಜರು ಎಲ್ಲರನ್ನೂ ಕರೆದು ಗೋಡೆಯ ಮೇಲೆ ನಕ್ಷೆ ತೋರಿಸಿದ. ಇನ್ನು ಮುಂದೆ ಇಲ್ಲಿಂದ ಚಿಕ್ಕ ವಿಮಾನ, ಪಕ್ಕದ ದೊಡ್ಡ ನಗರದವರೆಗೆ. ಅಲ್ಲಿಂದ ದೊಡ್ಡದು. ಹೊಸ ವಿಮಾನಗಳು ಎಲ್ಲೂ ಇಳಿಯದೆ ಅರ್ಧ ಭೂಮಿ ಸುತ್ತುತ್ತವೆ, ಇಂಥ ಊರುಗಳ ಮೇಲೆ ಹಾದುಹೋಗುತ್ತವೆ ಅಷ್ಟೆ ಎಂದ.

"ಚಿಕ್ಕ ವಿಮಾನಕ್ಕೆ ಊಟ?" ಉಪ್ಪಣ್ಣ ಕೇಳಿದ.

"ಒಂದು ಬನ್ನು, ಒಂದು ಬಾಟಲಿ ನೀರು."

"ಬನ್ನಿಗೆ ಉಪ್ಪು ಯಾರು ಹಾಕ್ತಾರೆ?"

"ಅದು ಪೊಟ್ಟಣದಲ್ಲೇ ಬರುತ್ತೆ ಉಪ್ಪಣ್ಣ" ಎಂದು ಮ್ಯಾನೇಜರು ನೆಲ ನೋಡಿದ.

ಈಗ, ಮನೆಯ ಒಲೆಯ ಮುಂದೆ, ಹೆಂಡತಿ ಸೂಪಿನ ರುಚಿ ನೋಡಿ ತಲೆಯಾಡಿಸಿದಳು. "ಇದನ್ನ ರೋಗಿಗೆ ಕೊಟ್ರೆ ಅವನು ಮಂಚ ಬಿಟ್ಟು ನಲ್ಲಿ ಹತ್ರ ಓಡ್ತಾನೆ."

"ಓಡಿದ ಅಂದ್ರೆ ವಾಸಿ ಆಯ್ತು ಅಂತ ತಾನೇ?"

ಅಷ್ಟರಲ್ಲಿ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಮಗಳು ಬಂದಳು. ಚೀಲ ಕುರ್ಚಿಗೆ ಸಿಕ್ಕಿಸಿ, ಬಗ್ಗಿ ಪಾತ್ರೆಯ ಹಬೆ ಮೂಸಿದಳು. ಒಂದು ಚಮಚ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಅಪ್ಪ, ಇದು ವಿಮಾನದ್ದೇ ಸೂಪು ಅಲ್ವಾ? ಅವತ್ತು ಚಿಕ್ಕಮ್ಮನ ಮನೆಗೆ ಹೋಗುವಾಗ ಅಮ್ಮ ಎರಡೂ ಬಟ್ಟಲು ಕುಡಿದಿದ್ಳಲ್ಲ, ಅದೇ."

"ಎರಡೂ ಅಂದ್ರೆ?" ಉಪ್ಪಣ್ಣ ತಿರುಗಿದ.

"ಅವಳದೂ ನನ್ನದೂ. ಒಂದೇ ಚಮಚ ಕುಡಿದಿದ್ದೆ, ಮಕ್ಕಳಿಗೆ ಖಾರ ಅಂತ ನನ್ನ ಹತ್ರ ಕಿತ್ಕೊಂಡ್ಳು. ಆಮೇಲೆ ಗಗನಸಖೀನ ಕರೆದು, ಇನ್ನೊಂದಿದ್ಯಾ ಅಂತಾನೂ ಕೇಳಿದ್ಳು."

"ಸುಮ್ನಿರೇ, ನಿನಗೇನು ನೆನಪಿರುತ್ತೆ? ಮೊಣಕಾಲೆತ್ತರ ಇದ್ದೆ."

"ನನ್ನ ಸೂಪು ಹೋಯ್ತಲ್ಲ, ನೆನಪಿರದೇ ಇರುತ್ತಾ?"

ಹೆಂಡತಿ ಒಲೆ ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಮತ್ತೇನು ಮಾಡ್ಲಿ?" ಎಂದಳು ಕಡೆಗೆ, ಅವನತ್ತ ನೋಡದೆ. "ಅಷ್ಟು ವರ್ಷ ಉಪ್ಪು ಉಪ್ಪು ಅಂತ ನಿಮ್ಮ ತಲೆ ತಿಂದೋಳು. ಅಲ್ಲಿ ಹೋಗಿ ಕೂತ್ರೆ ಹದವಾಗಿದೆ. ಬಂದು ಹಾಗಂತ ಹೇಳಿದ್ರೆ ಈ ಮನೇಲಿ ಉಪ್ಪಿನ ಡಬ್ಬಿ ನನ್ನ ಕೈಲಿ ಉಳೀತಿತ್ತಾ?"

"ಹದವಾಗಿತ್ತಾ?"

"ಹದವಾಗಿತ್ತು."

ಅವನು ಹೋಗಿ ಹೂಜಿಯಿಂದ ನೀರು ಬಗ್ಗಿಸಿ ಕುಡಿದ. ಬಾಯಾರಿಕೆ ಸೂಪಿನದಲ್ಲ.

ಉಪಾಯ ಹೇಳಿಕೊಟ್ಟವಳೂ ಮಗಳೇ. "ಅಪ್ಪ, ನಿನ್ನ ಬಲಗೈಗೆ ಇನ್ನು ಬುದ್ಧಿ ಹೇಳೋಕಾಗಲ್ಲ. ಅದು ವಿಮಾನದ್ದು. ಚಮಚ ಎಡಗೈಲಿ ಹಿಡ್ಕೋ. ಅದಕ್ಕೇನೂ ಗೊತ್ತಿಲ್ಲ, ಹೆದರಿ ಹೆದರಿ ಹಾಕುತ್ತೆ." ಅಂದು, ಮರುದಿನ, ಅದರ ಮರುದಿನ ಹೊಸ ಪಾತ್ರೆ ಏರಿತು. ಎಡಗೈಗೆ ಅಭ್ಯಾಸವಿಲ್ಲ, ಅರ್ಧ ಉಪ್ಪು ಒಲೆಯ ಮೇಲೇ ಚೆಲ್ಲುತ್ತಿತ್ತು. ಶುಕ್ರವಾರದ ಸೂಪನ್ನು ಹೆಂಡತಿ ಮಾತಿಲ್ಲದೆ ಕುಡಿದಳು. ಅವಳ ಮಾತಿಲ್ಲದಿರುವುದೇ ಆ ಮನೆಯಲ್ಲಿ ಪ್ರಶಸ್ತಿ.

ಶನಿವಾರ ಮಧ್ಯಾಹ್ನ ಕೆಂಪು ಬಾಲದ ಕೊನೆಯ ದೊಡ್ಡ ವಿಮಾನ. ಉಪ್ಪಣ್ಣ ಎಂದಿನಂತೆ ಹಂಡೆಯ ಮುಂದೆ ನಿಂತ. ಅಂದು ಬಲಗೈಗೆ ತಡೆಯಿರಲಿಲ್ಲ. ಒಂದು ಹಿಡಿ, ಅದರ ತಮ್ಮ, ಇನ್ನೊಬ್ಬ ತಮ್ಮ. ಯಾರೂ ನೋಡದಾಗ ಕಿವಿಗೆ ಹತ್ತಿ ತುರುಕಿ, ಮೂಗು ಹಿಡಿದು, ಒಂದು ಗುಟುಕು ಕುಡಿದ. ಹದವಾಗಿತ್ತು. ಇಷ್ಟು ವರ್ಷ ಅದು ಅವನ ಊಹೆಯಾಗಿತ್ತು. ಈಗ ಮೇಲೆ ಹೋಗಿ ಉಂಡು ಬಂದವಳೊಬ್ಬಳ ಮಾತು ಜೊತೆಗಿತ್ತು. ಟ್ರಾಲಿಗಳು ಲಾರಿ ಏರಿದವು. ತುಸು ಹೊತ್ತಿಗೆ ತಂತಿಯ ಮೇಲಿನ ಸೌಟುಗಳು ಕಿಣಿಕಿಣಿ ಎಂದವು, ದೊಡ್ಡದರ ಸದ್ದು. ಉಳಿದ ನಾಲ್ಕಾರು ಜನ ಬೇಲಿಯ ಬಳಿಗೆ ಹೋದರು. ಅದು ಚುಕ್ಕೆಯಾದ ಮೇಲೂ ಉಪ್ಪಣ್ಣ ಅಲ್ಲೇ ನಿಂತಿದ್ದ.

ಸೋಮವಾರ ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ, ಗಟ್ಟಿ ಗಂಟಲಿನ ಹೆಂಗಸು, ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇದಕ್ಕೆ ಮುಂಚೆ ಯಾರಿಗೆ ಅಡುಗೆ ಮಾಡ್ತಿದ್ರಿ?"

"ಮೇಲೆ ಹೋಗೋರಿಗೆ."

"ಶ್! ಆಸ್ಪತ್ರೇಲಿ ನಿಂತ್ಕೊಂಡು ಎಂಥ ಮಾತು ಆಡ್ತೀರಿ?"

"ಅಯ್ಯೋ, ವಿಮಾನದಲ್ಲಿ ಅಮ್ಮಾ, ವಿಮಾನದಲ್ಲಿ!"

ಪಾತ್ರೆ ತೊಳೆಯುತ್ತಿದ್ದವರು ಬೆನ್ನು ತಿರುಗಿಸಿ ನಕ್ಕರು. ಉಪ್ಪಣ್ಣ ಬಲಗೈಯನ್ನು ಜೇಬಿನೊಳಗಿಟ್ಟು, ಎಡಗೈಯಲ್ಲಿ ಚಮಚ ಹಿಡಿದು ಉಪ್ಪು ಹಾಕಿದ. ಮೇಲ್ವಿಚಾರಕಿ ಒಂದು ಗುಟುಕು ಕುಡಿದಳು. ಯೋಚಿಸಿ ಇನ್ನೊಂದು ಕುಡಿದಳು.

"ಏನ್ರೀ ಇದು, ಆಸ್ಪತ್ರೆಗೂ ಸಪ್ಪೆ!"

ಅವನ ಮುಖ ಸಣ್ಣದಾಯಿತು. ಅವಳು ಉಪ್ಪಿನ ಡಬ್ಬಿ ಎಳೆದುಕೊಂಡು, ಒಂದು ಚಿಟಿಕೆ ಹಾಕಿ ತಿರುವಿ, ಮತ್ತೆ ರುಚಿ ನೋಡಿದಳು. "ಕಡಿಮೆ ಆಗಿದ್ರೆ ನಾನು ಹಾಕ್ಕೋತೀನಿ. ಹೆಚ್ಚಾಗಿದ್ರೆ ನಿಮ್ಮನ್ನ ಈಗಲೇ ಕಳಿಸ್ತಿದ್ದೆ. ಉಳಿದದ್ದೆಲ್ಲ ಚೆನ್ನಾಗಿದೆ."

ಬರುವ ವಾರದಿಂದ ಉಪ್ಪಣ್ಣನಿಗೆ ಅಲ್ಲಿ ಬೆಳಗಿನ ಪಾಳಿ. ಉಪ್ಪಿನ ಡಬ್ಬಿ ಸದ್ಯಕ್ಕೆ ಮೇಲ್ವಿಚಾರಕಿಯ ಬಳಿ ಇರುತ್ತದೆ.