ಅಂಗಳದಲ್ಲಿ ಗಾಳಿ ಅಳೆದ ದಿನ

ಶಿರಸಿಯ ಅಂಚಿನಲ್ಲಿದ್ದ ಆ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಉಪ್ಪಾಗೆ ಎಂಬ ಹುಳಿ ಕಾಡುಹಣ್ಣಿನ ಸಿಪ್ಪೆಯ ಸಾರ ತೆಗೆದು, ಪುಡಿ ಮಾಡಿ, ಹೊರದೇಶಕ್ಕೆ ಕಳಿಸುವ ಕಾರ್ಖಾನೆ. ಆ ಪುಡಿ ತಿಂದರೆ ಅಲ್ಲಿಯವರ ಹೊಟ್ಟೆಯ ಬೊಜ್ಜು ಕರಗುತ್ತದಂತೆ. ಕರಗಲಿ, ನನ್ನದೇನೂ ತಕರಾರಿಲ್ಲ. ಆದರೆ ಅವರ ಬೊಜ್ಜು ಕರಗಲು ನನ್ನ ಅತ್ತೆಯ ಎದೆ ಯಾಕೆ ಕಟ್ಟಬೇಕಿತ್ತು? ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಪುಡಿ ಕೊಳ್ಳುವ ವಿದೇಶಿಯರು, ಭೂಮಿಯನ್ನು ಬಿಸಿ ಮಾಡುವ ಅನಿಲವನ್ನು ನೀವು ಎಷ್ಟು ಬಿಡುತ್ತೀರಿ, ಎಷ್ಟು ಇಳಿಸುತ್ತೀರಿ ಎಂದು ಕೇಳತೊಡಗಿದರು. ಲಾರಿಯ ಡೀಸೆಲ್, ದೀಪದ ಕರೆಂಟು, ಬಾಯ್ಲರಿನ ಎಣ್ಣೆ ಎಲ್ಲವನ್ನೂ ಕೂಡಿಸಿ ನೋಡಿದಾಗ ದೊಡ್ಡ ಪಾಲು ಎಣ್ಣೆಯದೇ ಆಗಿತ್ತು. ಸರಿ, ಎಣ್ಣೆಯ ಬಾಯ್ಲರ್ ಹೋಗಿ ಕಟ್ಟಿಗೆಯ ಬಾಯ್ಲರ್ ಬಂತು. ಮ್ಯಾನೇಜರು ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ, ಗೋಡೆಯ ಮೇಲೆ ಅನಿಲದ ಲೆಕ್ಕದ ಎರಡು ಕಂಬದ ಚಿತ್ರ ತೋರಿಸಿದರು. ಹೋದ ವರ್ಷದ ಕಂಬ ಉದ್ದ, ಈ ವರ್ಷದ್ದು ಗಿಡ್ಡ.

"ಸರ್, ಕಟ್ಟಿಗೆ ಉರಿದರೂ ಹೊಗೆ ಬರ್ತದಲ್ಲ?" ಎಂದು ಕೇಳಿದೆ.

"ಬರ್ತದೆ ಮೇಡಂ. ಆದ್ರೆ ಲೆಕ್ಕಕ್ಕೆ ಬರೂದಿಲ್ಲ. ಮರ ಬೆಳೆಯುವಾಗ ಹೀರಿದ್ದನ್ನೇ ಉರಿಯುವಾಗ ಬಿಡ್ತದೆ. ಅಲ್ಲಿಗಲ್ಲಿಗೆ ಸೊನ್ನೆ."

ಆ ಲೆಕ್ಕ ತಪ್ಪೆಂದು ಹೇಳುವಷ್ಟು ಓದು ನನಗಿಲ್ಲ. ಕಡಿದ ಮರ ಮತ್ತೆ ಬೆಳೆದರೆ ಮೇಲಿನ ಆಕಾಶಕ್ಕೆ ಅದು ಸೊನ್ನೆಯೇ ಇರಬಹುದು. ಆದರೆ ನಮ್ಮ ಬಾಡಿಗೆ ಮನೆ ಇದ್ದದ್ದು ಆಕಾಶದಲ್ಲಲ್ಲ, ಕಾರ್ಖಾನೆಯ ಹಿಂದಿನ ಕಂಪೌಂಡಿಗೆ ತಾಗಿ. ಗಂಡ ಯಲ್ಲಾಪುರದ ಬಸ್ ಡಿಪೋದಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅತ್ತೆಗೆ ಮೊದಲೇ ಸಣ್ಣ ಉಬ್ಬಸವಿತ್ತು. ಕಟ್ಟಿಗೆ ಬಾಯ್ಲರ್ ಬಂದ ಮೇಲೆ ನಾಲ್ಕು ಹೆಜ್ಜೆ ನಡೆದರೆ ಬಾಗಿಲು ಹಿಡಿದು ನಿಲ್ಲುವಂತಾಯಿತು. ಹಸಿ ಕಟ್ಟಿಗೆ ತುಂಬಿದ ದಿನವಂತೂ ಅಂಗಳದ ತುಂಬ ಮಸಿ. ಒಣಗಲು ಹಾಕಿದ ಹಪ್ಪಳ, ಕುಡಿಯುವ ನೀರಿನ ಕೊಡ, ಬತ್ತಿಗೆ ಬಿಡಿಸಿಟ್ಟ ಹತ್ತಿ, ಎಲ್ಲದಕ್ಕೂ ಅತ್ತೆ ಒದ್ದೆ ಬಟ್ಟೆ ಮುಚ್ಚುತ್ತಿದ್ದರು. ಮುಚ್ಚುವುದೇ ಅವರಿಗೊಂದು ದಿನಚರಿಯಾಗಿಬಿಟ್ಟಿತ್ತು.

ನಾನು ಮ್ಯಾನೇಜರ ಬೆನ್ನು ಬಿಡಲಿಲ್ಲ. ಚಿಮಣಿ ಎತ್ತರಿಸಿ, ಮಸಿ ಹಿಡಿಯುವ ಯಂತ್ರ ಕೂರಿಸಿ ಎಂದು ತಿಂಗಳುಗಟ್ಟಲೆ ಪೀಡಿಸಿದೆ. ಕೊನೆಗೆ ಅವರು, "ಗಾಳಿ ಅಳೆಸುವಾ. ಮಿತಿ ಮೀರಿದ್ರೆ ಎರಡೂ ಮಾಡಿಸ್ತೆ" ಎಂದು ಎಲ್ಲರೆದುರು ಒಪ್ಪಿಕೊಂಡರು. ಅಳೆಯುವುದು ನಮ್ಮ ಅಂಗಳದಲ್ಲೇ ಎಂದಾಯಿತು. ಅತ್ತೆಯ ಉಸಿರು ಆ ಒಂದು ದಿನದ ಅಳತೆಯನ್ನೇ ನೆಚ್ಚಿಕೊಂಡಿತ್ತು.

ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಮಷಿನ್ನು ತಂದಿಟ್ಟ. ತಗಡಿನ ಪೆಟ್ಟಿಗೆ, ಮೇಲೆ ಮನೆಯ ಸೂರಿನಂಥ ಪುಟ್ಟ ಮಾಡು, ಅದರಡಿಯಲ್ಲಿ ಬಿಳಿ ಕಾಗದ. ಗಿರಣಿಯ ಹಾಗೆ ಸದ್ದು ಮಾಡುತ್ತ ಗಾಳಿ ಎಳೆಯುತ್ತದೆ, ಮಸಿಯೆಲ್ಲ ಕಾಗದದ ಮೇಲೆ ಕೂರುತ್ತದೆ, ಮರುದಿನ ಕಾಗದ ತೂಗಿ ನೋಡುತ್ತಾರೆ. ಅದನ್ನು ಮುಟ್ಟಬೇಡಿ ಎಂದು ಅತ್ತೆಗೆ ಹೇಳಿ ನಾನು ಕೆಲಸಕ್ಕೆ ಹೋದೆ.

ಸಂಜೆ ಬಂದು ನೋಡಿದರೆ ಮಷಿನ್ನಿನ ಮಾಡಿನ ಮೇಲಿಂದ ಕೆಳಗಿನವರೆಗೆ ಅತ್ತೆಯ ಹಳೇ ಸೀರೆಯ ತುಂಡು, ಒದ್ದೆ ಮಾಡಿ ಹೊದೆಸಿದ್ದು. ಅದನ್ನು ಎಳೆದು ತೆಗೆದೆ.

"ಅತ್ತೆ, ಇದೆಂತಕ್ಕೆ?"

"ಪಾಪ, ಅಲ್ಲಿಂದ ಹೊತ್ಕ್ಯಂಡು ಬಂದ ಮಷಿನ್ನು. ಮಸಿ ಬಿದ್ದು ಹಾಳಾಗ್ತು ಹೇಳಿ ಮುಚ್ಚಿದೆ. ಮಷಿನ್ನು ಮುಟ್ಟಿದ್ನಿಲ್ಲೆ. ಬಟ್ಟೆ ಕಪ್ಪಾತು ಹೇಳಿ ಎರಡು ಸಲ ತೊಳೆದು ಹಾಕಿದೆ."

"ಆ ಹುಡುಗ ಬಂದಿದ್ನಿಲ್ಯ?"

"ಮಧ್ಯಾಹ್ನ ಬಂದು ನೋಡ್ಕ್ಯಂಡು, ಚಾ ಕುಡ್ಕ್ಯಂಡು ಹೋದ. ತೆಗಿ ಹೇಳಿ ಹೇಳಿದ್ನಿಲ್ಲೆ."

ಬಾಯ್ಲರ್ ಉರಿಯುವುದು ಹಗಲು ಮಾತ್ರ. ಕಾಗದಕ್ಕೆ ಬೀಳಬೇಕಾದ ಮಸಿಯನ್ನೆಲ್ಲ ಅತ್ತೆ ಬಟ್ಟೆಯಲ್ಲಿ ಹಿಡಿದು, ಒಗೆಯುವ ಕಲ್ಲಿನ ಮೇಲೆ ತೊಳೆದು ಚರಂಡಿಗೆ ಬಿಟ್ಟಿದ್ದರು. ಅವರ ಮೇಲೆ ಸಿಟ್ಟು ಬಂದದ್ದು ಒಂದು ಗಳಿಗೆ. ಕಟ್ಟಿಗೆಯ ಬಾಯ್ಲರೇ ಅವರಿಗೆ ಕಲಿಸಿದ ಅಭ್ಯಾಸವಲ್ಲವೇ ಅದು?

ಮರುದಿನ ಹುಡುಗ ಬಂದಾಗ ನಾನು ಕಾದು ನಿಂತಿದ್ದೆ. ಹಗಲಿಡೀ ಬಟ್ಟೆ ಹೊದೆಸಿತ್ತು, ಇದು ಲೆಕ್ಕಕ್ಕಲ್ಲ, ಮತ್ತೆ ಅಳೆಯಿರಿ ಎಂದೆ. "ಅದನ್ನ ಬರಕೋತೇನ್ರಿ" ಎಂದು ಕಾಗದ ಮಡಚಿಕೊಂಡು ಹೋದ. ಕೆಲವು ವಾರಗಳ ಮೇಲೆ ವರದಿ ಬಂತು. ಗಾಳಿ ಮಿತಿಯೊಳಗಿದೆ. ಬಟ್ಟೆಯ ಸುದ್ದಿಯೇ ಇಲ್ಲ. ಕ್ಯಾಂಟೀನಿನ ಗೋಡೆಯಲ್ಲಿ ಗಿಡ್ಡ ಕಂಬದ ಪಕ್ಕ ಅದನ್ನೂ ಅಂಟಿಸಿ, ಬಂದ ವಿದೇಶಿಯರಿಗೆ ತೋರಿಸಿದರು.

ನಾನು ನೆಟ್ಟಗೆ ಮ್ಯಾನೇಜರ ಕೋಣೆಗೆ ನುಗ್ಗಿದೆ. ಬಾಯಿ ಬಿಡುವುದರೊಳಗೆ ಅವರೇ ನಕ್ಕು, "ನಿಮ್ಮ ಮನೆಯವರೇ ಬಟ್ಟೆ ಮುಚ್ಚಿದ್ದಂತಲ್ಲ ಮೇಡಂ. ಅದಕ್ಕೆ ನಾವೇನು ಮಾಡೂದು? ಮುಂದಿನ ವರ್ಷ ಮತ್ತೆ ಅಳೆಸುವಾ" ಎಂದರು. ಅಂದರೆ ಗೊತ್ತಿತ್ತು. ಗೊತ್ತಿದ್ದೇ ಅಂಟಿಸಿದ್ದರು. ಒಂದು ವರ್ಷ ಉಸಿರು ಬಿಗಿಹಿಡಿದು ಕೂತಿರಲು ನನ್ನ ಅತ್ತೆಗೆ ಹೇಳಬೇಕಿತ್ತೇ? ಇಂಥವರ ಕೈಯಲ್ಲಿ ಭೂಮಿ ತಂಪಾಗುತ್ತದಂತೆ.

ಕೂಗಾಡಿ ಮನೆಗೆ ಬಂದರೆ, ಡಾಕ್ಟರು ಮುಚ್ಚಿಸಿದ್ದ ಹಿಂದಿನ ಕಿಟಕಿಯನ್ನು ಅತ್ತೆ ಅಗಲಕ್ಕೆ ತೆರೆದು ಅದರ ಬುಡದಲ್ಲೇ ಕೂತಿದ್ದರು. ವರದಿಯ ಸುದ್ದಿ ಪಕ್ಕದ ಮನೆಯಿಂದ ಅವರಿಗೆ ಮುಟ್ಟಿತ್ತು.

"ಗಾಳಿ ಚೊಲೋ ಇದ್ದಡ ತಂಗಿ. ಕೆಟ್ಟದ್ದು ಎನ್ನ ಮೈಯೇ. ಸುಮ್ಮಂಗೆ ಕಾರ್ಖಾನೆಯವರ ಮೇಲೆ ಹೇಳಿದ ಹಂಗಾತು" ಎಂದರು. ಅಷ್ಟು ಹೇಳಲು ಎರಡು ಸಲ ನಿಂತು ಉಸಿರೆಳೆದುಕೊಂಡರು.

ನಾನು ಕಿಟಕಿ ಹಾಕಿ, ಪಕ್ಕದಲ್ಲಿ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಗದ, ಬಟ್ಟೆ, ತೊಳೆದುಹೋದ ಮಸಿ, ಮ್ಯಾನೇಜರ ನಗು ಎಲ್ಲ.

"ಆ ದಿನ ಚಾ ಕುಡ್ಕ್ಯಂಡು ಹೊರಡಕಾದ್ರೆ ಆ ಮಷಿನ್ನಿನ ಮಾಣಿ ಬಟ್ಟೆ ನೋಡಿ ಒಂದು ಮಾತು ಹೇಳಿದ್ದ" ಎಂದರು ಅತ್ತೆ. "'ಅವ್ವಾ, ನಿಮ್ಮಂಥಾರು ಎಲ್ಲಾ ಕಡೆ ಇದ್ರ ನಮ್ಮ ಕೆಲಸ ಹಗುರ ಆಗ್ತಿತ್ರಿ' ಅಂದ. ಹೊಗಳಿದ ಹೇಳಿ ಆನು ಎಲ್ಲರ ಹತ್ರನೂ ಹೇಳ್ಕ್ಯಂಡು ಬಂದೆ."