ಹನುಮಮ್ಮ ನೀರು ಹಾಕಿದ ಮಕ್ಕಳು

ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ದಾರಿಯಲ್ಲಿ, ರಾಗಿ ಹೊಲಗಳ ನಡುವೆ ಕ್ರೈಸ್ತರ ಒಂದು ಸಣ್ಣ ಹಳ್ಳಿ ಇದೆ. ತೊಂಬತ್ತಾರರಲ್ಲಿ ಅಲ್ಲಿನ ಚರ್ಚಿಗೆ ಗುರುವಾಗಿ ಹೋದಾಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೋದ ಮೊದಲ ವಾರದಲ್ಲೇ ಗಂಟೆ ಹೊಡೆಯುವವನ ಜೊತೆಗೂ ಹಾಲು ಹಾಕುವವನ ಜೊತೆಗೂ ಜಗಳ ಮುಗಿಸಿದ್ದೆ. ಊರಲ್ಲಿ ನನ್ನ ಜಗಳಕ್ಕೆ ಸಿಗದವಳೆಂದರೆ ಸೂಲಗಿತ್ತಿ ಹನುಮಮ್ಮ ಒಬ್ಬಳೇ. ಬೈದರೆ ನಗುವವರ ಜೊತೆ ಎಂಥ ಜಗಳ?

ಹನುಮಮ್ಮ ಕ್ರೈಸ್ತಳಲ್ಲ. ಪಕ್ಕದ ಕೇರಿಯವಳು. ನಮ್ಮ ಹಳ್ಳಿಯ ಮುಕ್ಕಾಲು ಪಾಲು ಜನ ಅವಳ ಕೈಯಲ್ಲೇ ಹುಟ್ಟಿದವರು. ಅವಳ ತಾಯಿ, ಅಜ್ಜಿ, ಅಜ್ಜಿಯ ಅಜ್ಜಿ ಎಲ್ಲರದೂ ಇದೇ ಕೆಲಸ. ಮಗ ಪುಟ್ಟರಾಜು ಬೇಲೂರಿನಲ್ಲಿ ಗುಮಾಸ್ತನಾಗಿದ್ದ. ಅವನು ಬೌದ್ಧ ದೀಕ್ಷೆ ತೆಗೆದುಕೊಂಡು ಮನೆಯಲ್ಲಿ ಬುದ್ಧನ ಪಟ ಇಟ್ಟಿದ್ದ. ನೀನು ಯಾವ ದೇವರ ಕಡೆ ಎಂದು ಅವನು ರೇಗಿಸಿದರೆ, "ಬಾಣಂತಿ ಕ್ವಾಣೆಯಾಗೆ ದೇವ್ರಿಗೆ ಜಾಗ ಎಲ್ಲೈತ್ಲಾ? ನಂಗೇ ಕೂರಕ್ಕಾಗಲ್ಲ" ಅನ್ನುತ್ತಿದ್ದಳಂತೆ.

ಬಿಡುವಿದ್ದಾಗ ನಾನು ಚರ್ಚಿನ ಬೀರುವಿನಲ್ಲಿದ್ದ ಹಳೆಯ ಸಮಾಧಿ ದಾಖಲೆಗಳನ್ನು ಬಿಡಿಸಿಕೊಂಡು ಕೂರುತ್ತಿದ್ದೆ. ಬ್ರಿಟಿಷರ ಆಳ್ವಿಕೆಯ ಮೊದಲ ಕಾಲದಲ್ಲಿ ಫ್ರಾನ್ಸಿನಿಂದ ಬಂದ ಗುರುಗಳು ಲ್ಯಾಟಿನ್ನಿನಲ್ಲಿ ಬರೆದಿಟ್ಟದ್ದು. ಯಾರು ಸತ್ತರು, ಯಾರ ಮಗ, ಯಾರ ಹೆಂಡತಿ, ಬಹುಮಟ್ಟಿಗೆ ಇಷ್ಟೇ. ಆದರೆ ಓದುತ್ತಾ ಹೋದರೆ ಊರೇ ಎದ್ದು ಬರುತ್ತಿತ್ತು. ಒಂದು ಬೇಸಿಗೆಯ ವಾಂತಿಭೇದಿಯಲ್ಲಿ ಪುಟದ ತುಂಬ ಸಾವು. ಬರೆಯುವ ಗುರುವಿನ ಅಕ್ಷರ ದಿನದಿನಕ್ಕೆ ಸೊಟ್ಟಗಾಗುತ್ತಾ ಬಂದು, ಕೊನೆಗೆ ಅವರ ಹೆಸರನ್ನೇ ಇನ್ನೊಬ್ಬರು ದುಂಡಗೆ ಬರೆದಿದ್ದರು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಒಂದು ಸಂಗತಿ ಮಾತ್ರ ಅರ್ಥವಾಗಿರಲಿಲ್ಲ. ಹುಟ್ಟಿದ ದಿನವೇ ಸತ್ತ ಕೂಸುಗಳಿಗೆಲ್ಲ ಎರಡೇ ಹೆಸರು. ಹೆಣ್ಣಾದರೆ ಮರಿಯಾ, ಗಂಡಾದರೆ ಜೋಸೆಫ್. ಜನರ ಭಕ್ತಿ ಎಷ್ಟಿತ್ತು ನೋಡಿ ಎಂದು ಭಾನುವಾರದ ಪ್ರವಚನದಲ್ಲಿ ಹೊಗಳಿಯೂ ಬಿಟ್ಟೆ. ಅದು ಹನುಮಮ್ಮನ ಕಿವಿಗೆ ಬಿದ್ದು ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ಭಕ್ತಿನೂ ಅಲ್ಲ ಏನೂ ಅಲ್ಲ ಸ್ವಾಮಿ. ನಮಗೆ ಗೊತ್ತಿದ್ದದ್ದೇ ಎಲ್ಡು ಹೆಸ್ರು. ಹಳೇ ಸ್ವಾಮ್ಗೋಳು ನಮ್ಮಜ್ಜೀರಿಗೆ ಹೇಳ್ಕೊಟ್ಟಿದ್ರಂತೆ, ಕೂಸು ಉಳಿಯಲ್ಲ ಅಂದ್ರೆ ತಲೆ ಮ್ಯಾಲೆ ನೀರು ಹುಯ್ದು ಮಂತ್ರ ಹೇಳಿ ಅಂತ. ಹೆಣ್ಣಾದ್ರೆ ಮರಿಯಾ, ಗಂಡಾದ್ರೆ ಜೋಜಪ್ಪ. ಉಸ್ರು ಹೋಗೋ ಹೊತ್ನಾಗೆ ಹೆಸ್ರು ಹುಡುಕ್ತಾ ಕೂರಕ್ಕಾಯ್ತದಾ?"

ನಮ್ಮ ಧರ್ಮಸಭೆಯಲ್ಲಿ ಆ ಕಟ್ಟಳೆ ಇರುವುದು ನಿಜ. ಸಾಯುವ ಕೂಸಿನ ಬಳಿ ಗುರು ಇಲ್ಲದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು, ಕೊಡುವವರು ಯಾವ ಮತದವರಾದರೂ ಸರಿ. ಆದರೆ ಕಟ್ಟಳೆ ಪುಸ್ತಕದಲ್ಲಿದ್ದರೆ ಸಾಕೆ, ಊರಿನ ತಲೆಯಲ್ಲೂ ಇರಬೇಕಲ್ಲ.

ಆ ವರ್ಷದ ಆಷಾಢದಲ್ಲಿ ನಮ್ಮ ಹಳ್ಳಿಯ ಲೂರ್ದಮ್ಮನಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು. ಗಂಡುಮಗು ಸ್ವಲ್ಪ ಹೊತ್ತು ಉಸಿರಾಡಿ ತಣ್ಣಗಾಯಿತು. ಉಸಿರಿದ್ದಾಗಲೇ ಹನುಮಮ್ಮ ನೀರು ಹಾಕಿದ್ದಳು. ನಾನು ಅರಸೀಕೆರೆಗೆ ಹೋಗಿದ್ದೆ. ಬಸ್ಸಿಳಿದು ಬರುವಾಗ ಸ್ಮಶಾನದ ಗೇಟಿನಲ್ಲಿ ಜನ ಸೇರಿದ್ದರು.

ನಮ್ಮ ಸ್ಮಶಾನಕ್ಕೆ ಕಲ್ಲಿನ ಗೋಡೆ. ದೀಕ್ಷಾಸ್ನಾನವಾದವರು ಒಳಗೆ. ಆಗದೆ ಸತ್ತ ಕೂಸುಗಳು ಗೋಡೆಯಾಚೆ, ಹೊಂಗೆಮರದ ಬುಡದಲ್ಲಿ. ಅವಕ್ಕೆ ಶಿಲುಬೆಯಿಲ್ಲ, ಜಪವಿಲ್ಲ. ಧರ್ಮಸಭೆಯ ಮೇಲಿನವರು ಈ ಬಿಗಿಯನ್ನು ಎಂದೋ ಸಡಿಲಿಸಿದ್ದರು, ಊರು ಸಡಿಲಿಸಿರಲಿಲ್ಲ.

ಹಿಂದೆಲ್ಲ ನೀರು ಹಾಕಿದ್ದೇನೆಂದು ಹನುಮಮ್ಮ ಹೇಳಿದರೆ ಸಾಕಾಗುತ್ತಿತ್ತು. ಈಗ ಅಪ್ಪನ ಜಾಗಕ್ಕೆ ಹೊಸದಾಗಿ ಉಪದೇಶಿಯಾಗಿದ್ದವನು ರಾಯಪ್ಪ. ಮಕ್ಕಳಿಗೆ ಜಪ ಕಲಿಸುವವನು, ಸಾವಿನ ಮನೆಯಲ್ಲಿ ಮುಂದೆ ನಿಲ್ಲುವವನು. ಅವನು ಗೇಟಿಗೆ ಅಡ್ಡ ನಿಂತಿದ್ದ.

"ಮಗ ಬುದ್ಧನ ಪಟ ಇಟ್ಕಂಡವ್ನೆ. ಅವ್ವ ಹಾಕಿದ್ದು ದೀಕ್ಷಾಸ್ನಾನ ಹೆಂಗಾಯ್ತದೆ ಸ್ವಾಮಿ? ಅದು ಬರೀ ನೀರು."

ಹನುಮಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಹಸಿ ಬಾಣಂತಿ ಲೂರ್ದಮ್ಮ ಕಂಬಳಿ ಹೊದ್ದು, ಇಬ್ಬರ ಹೆಗಲ ಮೇಲೆ ಭಾರ ಹಾಕಿ ಅಲ್ಲಿಗೇ ಬಂದಿದ್ದಳು. "ನಮ್ಮತ್ತೆ ಪಕ್ಕದಾಗೆ ಮಲಗ್ಸಿ ಸ್ವಾಮಿ, ಒಂದೇ ಇದ್ರೆ ಹೆದರ್ಕಂತದೆ" ಅಂದಳು.

ನನಗೆ ಮೈಯೆಲ್ಲ ಉರಿಯಿತು. ಕಟ್ಟಳೆ ಹೇಳಿದೆ, ಕೂಗಾಡಿದೆ. ಗುದ್ದಲಿ ಹಿಡಿದವರು ನನ್ನ ಮುಖ ನೋಡಲಿಲ್ಲ, ರಾಯಪ್ಪನ ಮುಖ ನೋಡಿದರು. ನಿನ್ನೆ ಮೊನ್ನೆ ಬಂದ ಗುರು ನಾನು. ದಡದಡನೆ ಹೋಗಿ ಹಳೆಯ ದಾಖಲೆ ತಂದು, ಹನುಮಮ್ಮನ ಮಾತು ಕೇಳಿದ ಮೇಲೆ ಹುಡುಕಿ ಗುರುತಿಟ್ಟಿದ್ದ ಪುಟವನ್ನು ಅಲ್ಲೇ ಬಿಚ್ಚಿ ಕನ್ನಡದಲ್ಲಿ ಓದಿದೆ.

"ಉಪದೇಶಿ ರಾಯಪ್ಪನ ಮಗ ಜೋಸೆಫ್, ಒಂದು ದಿನದ ಕೂಸು. ಸಾವಿನ ಅಪಾಯದಲ್ಲಿ, ಕ್ರೈಸ್ತಳಲ್ಲದ ಸೂಲಗಿತ್ತಿ ಹನುಮಿಯ ಕೈಯಿಂದ ದೀಕ್ಷಾಸ್ನಾನ ಹೊಂದಿ, ಗೋಡೆಯೊಳಗೆ ಮಣ್ಣಾಯಿತು."

ಆ ರಾಯಪ್ಪ ಈ ರಾಯಪ್ಪನ ವಂಶದ ಹಿರಿಯ. ಇವನಿಗೆ ಇಟ್ಟಿದ್ದೂ ಆತನ ಹೆಸರೇ. ಆ ಹನುಮಿ ನಮ್ಮ ಹನುಮಮ್ಮನ ವಂಶದ ಹಿರಿಯಳು.

"ಹೇಳಿ ರಾಯಪ್ಪನವರೇ, ಈ ಕೂಸನ್ನೂ ಅಗೆದು ಆಚೆ ಹಾಕೋಣವೇ?" ಅಂದೆ.

ರಾಯಪ್ಪ ಪಕ್ಕದವನ ಕೈಯಿಂದ ಗುದ್ದಲಿ ಇಸಿದುಕೊಂಡು ಒಳಗೆ ಹೋಗಿ ತಾನೇ ಅಗೆಯತೊಡಗಿದ. ಹನುಮಮ್ಮ ಗೇಟಿನವರೆಗೆ ಬಂದು ಕೂಸನ್ನು ನನ್ನ ಕೈಗಿಟ್ಟಳು. ತಾನು ಒಳಗೆ ಬರಲಿಲ್ಲ. ಅವತ್ತು ದಾಖಲೆ ಬರೆಯುವಾಗ ನೀರು ಹಾಕಿದವಳ ಹೆಸರನ್ನು ಬೇಕೆಂದೇ ದೊಡ್ಡದಾಗಿ ಬರೆದೆ. ಇಷ್ಟು ತಲೆಮಾರು ದುಡಿಸಿಕೊಂಡು ಗೇಟಿನಲ್ಲೇ ನಿಲ್ಲಿಸಿದ್ದೇವಲ್ಲ ಎಂದು ಊರಿನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ.

ನವೆಂಬರ್ ಎರಡಕ್ಕೆ ಸತ್ತವರ ಹಬ್ಬ. ಎಲ್ಲರೂ ತಮ್ಮವರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ಸಂಜೆ. ಹನುಮಮ್ಮ ಪ್ರತಿವರ್ಷದಂತೆ ಗೋಡೆಯಾಚೆ ನಿಂತಿದ್ದಳು. ಲೂರ್ದಮ್ಮ ಹೋಗಿ ಅವಳ ಕೈ ಹಿಡಿದಳು.

"ಒಳಿಕ್ ಬಾ ಹನುಮವ್ವ. ಯಾರು ಬ್ಯಾಡ ಅಂತಾರೋ ನಾನೂ ನೋಡ್ತೀನಿ."

ಹನುಮಮ್ಮ ಬಂದಳು. ಪುಟ್ಟ ಮಣ್ಣುಗುಡ್ಡೆಯ ಮುಂದೆ ಕೂತು ಬತ್ತಿ ಹಚ್ಚಿ, "ಜೋಜಪ್ಪ" ಎಂದು ಮೆಲ್ಲಗೆ ಕರೆದಳು. ನನ್ನ ಕಣ್ಣು ತುಂಬಿತು. ಆದರೆ ಅವಳು ಎದ್ದು, ಲೂರ್ದಮ್ಮನಿಂದ ಇನ್ನೊಂದು ಬತ್ತಿ ಇಸಿದುಕೊಂಡು ಮತ್ತೆ ಆಚೆಗೇ ನಡೆದಳು. ನಾನು ಹಿಂದೆಯೇ ಓಡಿದೆ.

"ಯಾಕೆ ಹನುಮಮ್ಮ, ರಾಯಪ್ಪನ ಮಾತಿಗೆ ಇನ್ನೂ ಬೇಸರವೇ?"

"ಬ್ಯಾಸ್ರ ಎಂಥದು ಸ್ವಾಮಿ?" ಹೊಂಗೆಮರದ ಬುಡದಲ್ಲಿ ಕೂತು ಗಾಳಿಗೆ ಅಂಗೈ ಅಡ್ಡ ಹಿಡಿದು ಅವಳು ಬತ್ತಿ ಹಚ್ಚಿದಳು. "ಒಳಗಿರೋವ್ಕೆ ನೀವೆಲ್ಲ ಇದ್ದೀರಿ. ಇವು ನಾನು ಹೋಗೋದು ತಡವಾದ ಮಕ್ಳು."

ಕೋಪಿಷ್ಠನಾದ ನನಗೆ ಅಂದು ಯಾರ ಮೇಲೆ ಕೋಪ ಮಾಡಬೇಕೋ ತಿಳಿಯಲಿಲ್ಲ, ಸುಮ್ಮನೆ ಅತ್ತೆ. ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿದರೆ, ರಾಯಪ್ಪ ಕೈಯಲ್ಲೊಂದು ಮೇಣದಬತ್ತಿ ಹಿಡಿದು ಗೇಟು ದಾಟಿ ಬರುತ್ತಿದ್ದ.